ಕುದುರೆಮರಿಯ ಮೊದಲ ಉಸಿರು

ಹೆಣ್ಣುಕುದುರೆ ಈಯುವುದು ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ. ಲಾಯದ ಸದ್ದೆಲ್ಲ ಅಡಗಿ, ಕಾವಲಿನವನೂ ತೂಕಡಿಸುವ ವೇಳೆಯನ್ನೇ ಅದು ಕಾದು ಆರಿಸಿಕೊಳ್ಳುತ್ತದೆಯೋ ಎಂಬಂತೆ ತೋರುತ್ತದೆ. ನೀರುಚೀಲ ಒಡೆದ ಮೇಲೆ ಹೆಚ್ಚು ಹೊತ್ತು ಹಿಡಿಯದು. ಅರ್ಧ ಗಂಟೆಯೊಳಗೆ ಸುಮಾರು 50 ಕಿಲೋಗ್ರಾಂ ತೂಕದ ಮರಿಯೊಂದು ಹುಲ್ಲಿನ ಹಾಸಿನ ಮೇಲೆ ಬಂದು ಬೀಳುತ್ತದೆ. ಒಂದು ನಿಮಿಷದೊಳಗಾಗಿ ಅದು ಉಸಿರೆಳೆಯಬೇಕು. ಒಂದು ಗಂಟೆಯೊಳಗಾಗಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗಾಗಿ ತಾಯಿಯ ಕೆಚ್ಚಲನ್ನು ಹುಡುಕಿ ಹಾಲು ಕುಡಿಯಬೇಕು. ಕುದುರೆ ಸಾಕುವವರು ನೆಚ್ಚಿಕೊಂಡಿರುವ ಅಳತೆ ಇದು. ಬಯಲಿನಲ್ಲಿ ಹಿಂಸ್ರಪಶುಗಳ ಕಣ್ಣೆದುರಿಗೇ ಬಾಳಿದ ವಂಶಕ್ಕೆ ಹುಟ್ಟಿದ ದಿನವೇ ಓಡಬಲ್ಲ ಮರಿ ಬೇಕಾಗಿತ್ತು.

ಈ ಕಾಲಪಟ್ಟಿಯಲ್ಲಿ ಮೊದಲ ನಿಮಿಷ ತಪ್ಪಿದರೆ ಉಳಿದುದೆಲ್ಲವೂ ತಪ್ಪುತ್ತದೆ. ಹಾಗೆ ತಪ್ಪಿದ ಮರಿಗೆ ಉಸಿರು ಕೊಡುವುದು ಹೇಗೆ? ಕೊಟ್ಟ ಉಸಿರು ಸಾಲದೋ, ಸಾಕೋ, ಮಿತಿಮೀರಿತೋ ಎಂದು ಅಳೆಯುವುದು ಹೇಗೆ? ಪಶುವೈದ್ಯರಲ್ಲದ ನಾವು ಇದಕ್ಕೆ ಕೈಹಾಕುವುದು ಉದ್ಧಟತನವೆಂದು ವಾಚಕರು ಭಾವಿಸಬಾರದು. ಕುಣಿಗಲ್ ಎಂದೊಡನೆ ಕುದುರೆಯನ್ನು ನೆನೆಯುವ ನಾಡಿನವರಿಗೆ ವಿಷಯ ದೂರದ್ದಲ್ಲವೆಂಬುದು ಒಂದು ಕಾರಣ. ಇಲ್ಲಿ ಕೆಲಸಮಾಡುವ ನಿಯಮಗಳಲ್ಲಿ ಹೆಚ್ಚಿನವು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತುಬಿಡುವ ನಿಯಮಗಳೇ ಆಗಿವೆಯೆಂಬುದು ಇನ್ನೊಂದು, ಮತ್ತು ನಮಗೆ ಮುಖ್ಯವಾದ, ಕಾರಣ.

ತಾಯಿಯ ಹೊಟ್ಟೆಯಲ್ಲಿರುವಷ್ಟು ಕಾಲವೂ ಮರಿಯ ಶ್ವಾಸಕೋಶದಲ್ಲಿ ಗಾಳಿಯಿಲ್ಲ; ಶ್ವಾಸಕೋಶವೇ ಸುರಿಸಿದ ದ್ರವ ತುಂಬಿಕೊಂಡಿರುತ್ತದೆ. ಆಮ್ಲಜನಕವು ಮಾಸಿನ ಮೂಲಕ ತಾಯಿಯ ರಕ್ತದಿಂದ ದೊರೆಯುತ್ತದೆ. ಹುಟ್ಟಿದ ಕ್ಷಣದಲ್ಲಿ ಈ ದ್ರವ ಹೀರಿಹೋಗಿ ಅದರ ಸ್ಥಳಕ್ಕೆ ಗಾಳಿ ಬರಬೇಕು. ಶ್ವಾಸಕೋಶವು ಒಂದು ಖಾಲಿ ಚೀಲವಾಗಿದ್ದರೆ ಇದು ಅಷ್ಟೇನೂ ಕಷ್ಟವಾಗುತ್ತಿರಲಿಲ್ಲ. ಆದರೆ ಅದು ಕೋಟಿಗಟ್ಟಲೆ ಸೂಕ್ಷ್ಮ ವಾಯುಕೋಶಗಳ ಗೊಂಚಲು. ಪ್ರತಿಯೊಂದು ಕೋಶದ ಒಳಗೋಡೆಗೂ ತೆಳುವಾದ ನೀರಿನ ಪದರ ಅಂಟಿಕೊಂಡಿದೆ. ಎಲ್ಲಿ ನೀರಿನ ವಕ್ರ ಮೇಲ್ಮೈ ಇದೆಯೋ ಅಲ್ಲಿ ಮೇಲ್ಮೈ ಎಳೆತವೂ ಇದೆ. ಅದು ಕೋಶವನ್ನು ಒಳಕ್ಕೆ ಜಗ್ಗಿ ಮುಚ್ಚಲು ಹವಣಿಸುತ್ತಿರುತ್ತದೆ.

ಎಷ್ಟು ಬಲವಾಗಿ ಜಗ್ಗುತ್ತದೆ? ಯಂಗ್ ಮತ್ತು ಲಾಪ್ಲಾಸ್ ಎಂಬವರು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿಯೇ ಇದರ ಸೂತ್ರವನ್ನು ಕೊಟ್ಟಿದ್ದಾರೆ. ಮೇಲ್ಮೈ ಎಳೆತವನ್ನು ಇಮ್ಮಡಿ ಮಾಡಿ ತ್ರಿಜ್ಯದಿಂದ ಭಾಗಿಸಿದರೆ ಗೋಳಾಕಾರದ ಮೇಲ್ಮೈಯ ಒಳಹೊರಗಿನ ಒತ್ತಡಗಳ ವ್ಯತ್ಯಾಸ ದೊರೆಯುತ್ತದೆ. ದೇಹದ ಉಷ್ಣತೆಯಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 0.07 ನ್ಯೂಟನ್. ಕೋಶದ ತ್ರಿಜ್ಯ 0.05 ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. ಉತ್ತರ 2,800 ಪಾಸ್ಕಲ್. ಎಂದರೆ ಸುಮಾರು 28 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ಪ್ರತಿಯೊಂದು ಉಸಿರಿನಲ್ಲಿಯೂ ಇಷ್ಟನ್ನು ಎದುರಿಸುವುದಾದರೆ ಮರಿಗೆ ಉಸಿರಾಡುವುದೊಂದೇ ಕೆಲಸವಾಗಿ, ಕೆಲವು ಗಂಟೆಗಳಲ್ಲಿ ಅದು ಸೋತು ಮಲಗುತ್ತದೆ.

ಆರೋಗ್ಯವಂತ ಮರಿ ಹಾಗೆ ಸೋಲುವುದಿಲ್ಲವಷ್ಟೆ. ಅದರ ವಾಯುಕೋಶದ ನೀರಿನ ಮೇಲೆ ಮೇದಸ್ಸು ಮತ್ತು ಪ್ರೋಟೀನುಗಳಿಂದಾದ ಒಂದು ಪೊರೆ ಹರಡಿಕೊಂಡಿರುತ್ತದೆ. ಸರ್ಫ್ಯಾಕ್ಟಂಟ್ ಎಂದು ಇದರ ಹೆಸರು. ಕೊಳೆ ತೆಗೆಯಲು ಸಾಬೂನು ಮಾಡುವ ಕೆಲಸವನ್ನೇ ಇದು ಇಲ್ಲಿ ಮಾಡುತ್ತದೆ: ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ. ಎಳೆತ 0.01ಕ್ಕೆ ಇಳಿದರೆ ಮೇಲಿನ ಲೆಕ್ಕದಲ್ಲಿ 28 ಸೆಂಟಿಮೀಟರ್ ಇದ್ದುದು 4 ಸೆಂಟಿಮೀಟರಿಗೆ ಬರುತ್ತದೆ. ಅಷ್ಟೇ ಅಲ್ಲ, ಸಾಬೂನಿಗೆ ಇಲ್ಲದ ಗುಣವೊಂದು ಈ ಪೊರೆಗುಂಟು. ಕೋಶ ಕುಗ್ಗಿದಂತೆಲ್ಲ ಪೊರೆಯ ಅಣುಗಳು ಒತ್ತೊತ್ತಾಗಿ ಸೇರಿ ಎಳೆತವನ್ನು ಇನ್ನಷ್ಟು ಇಳಿಸುತ್ತವೆ.

ಈ ಗುಣವಿಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ತರಗತಿಯಲ್ಲಿಯೇ ತೋರಿಸಬಹುದು. ನಡುವೆ ಮುಚ್ಚುಬಿರಡೆಯಿರುವ ಗಾಜಿನ ಕೊಳವೆಯೊಂದರ ಎರಡು ತುದಿಗಳಲ್ಲಿಯೂ ಸಾಬೂನಿನ ಗುಳ್ಳೆಗಳನ್ನು ಊದಿ, ಒಂದನ್ನು ದೊಡ್ಡದಾಗಿಯೂ ಇನ್ನೊಂದನ್ನು ಚಿಕ್ಕದಾಗಿಯೂ ಇಟ್ಟು ಬಿರಡೆಯನ್ನು ತೆರೆಯಿರಿ. ಎರಡೂ ಸಮವಾಗುತ್ತವೆಂದು ವಿದ್ಯಾರ್ಥಿಗಳಲ್ಲಿ ಮುಕ್ಕಾಲುಪಾಲು ಮಂದಿ ಪ್ರತಿವರ್ಷವೂ ಹೇಳುತ್ತಾರೆ. ಆಗುವುದು ಅದಲ್ಲ. ಚಿಕ್ಕದು ತನ್ನ ಗಾಳಿಯನ್ನೆಲ್ಲ ದೊಡ್ಡದಕ್ಕೆ ಸುರಿದು ತಾನು ಮುದುಡಿಹೋಗುತ್ತದೆ. ತ್ರಿಜ್ಯ ಚಿಕ್ಕದಾದಷ್ಟೂ ಒಳಗಿನ ಒತ್ತಡ ಹೆಚ್ಚೆಂಬುದೇ ಇದಕ್ಕೆ ಕಾರಣ. ಸರ್ಫ್ಯಾಕ್ಟಂಟ್ ಸಾಲದ ಶ್ವಾಸಕೋಶದಲ್ಲಿಯೂ ಇದೇ ನಡೆಯುತ್ತದೆ: ಚಿಕ್ಕ ಕೋಶಗಳು ಮುಚ್ಚಿಕೊಳ್ಳುತ್ತವೆ, ದೊಡ್ಡವು ಅತಿಯಾಗಿ ಬಿರಿಯುತ್ತವೆ.

ಈ ಸಂಗತಿ ಬೆಳಕಿಗೆ ಬಂದ ಬಗೆ ಸ್ವಾರಸ್ಯವಾಗಿದೆ. 1929ರಲ್ಲಿ ಫಾನ್ ನೇರ್ಗಾರ್ಡ್ ಎಂಬ ವಿಜ್ಞಾನಿ ಶ್ವಾಸಕೋಶವನ್ನು ಒಮ್ಮೆ ಗಾಳಿಯಿಂದಲೂ ಇನ್ನೊಮ್ಮೆ ದ್ರವದಿಂದಲೂ ತುಂಬಿ ನೋಡಿದನು. ದ್ರವ ತುಂಬುವುದಕ್ಕೆ ಬಹಳ ಕಡಿಮೆ ಒತ್ತಡ ಸಾಕಾಯಿತು. ದ್ರವ ತುಂಬಿದಾಗ ಗಾಳಿಗೂ ನೀರಿಗೂ ನಡುವಣ ಮೇಲ್ಮೈಯೇ ಇಲ್ಲವಾಗುತ್ತದೆ. ಆದುದರಿಂದ ಶ್ವಾಸಕೋಶದ ಬಿಗಿತದಲ್ಲಿ ಬಹುಪಾಲು ಮೇಲ್ಮೈ ಎಳೆತದ್ದೇ ಎಂದು ಅವನು ಸರಿಯಾಗಿ ತೀರ್ಮಾನಿಸಿದನು. ಕಾಲು ಶತಮಾನದವರೆಗೆ ಅವನ ಮಾತಿಗೆ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1955ರಲ್ಲಿ ಇಂಗ್ಲೆಂಡಿನ ಪ್ಯಾಟ್ಲ್, ಶ್ವಾಸಕೋಶದಿಂದ ಬಂದ ನೊರೆಯ ಗುಳ್ಳೆಗಳು ಒಡೆಯದೆ ಬಹುಕಾಲ ನಿಲ್ಲುವುದನ್ನು ಗಮನಿಸಿದನು. 1957ರಲ್ಲಿ ಅಮೆರಿಕದ ಕ್ಲೆಮೆಂಟ್ಸ್ ಆ ಎಳೆತವನ್ನು ಅಳೆದನು. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್, ಅಕಾಲದಲ್ಲಿ ಹುಟ್ಟಿ ಉಸಿರುಕಟ್ಟಿ ಸಾಯುವ ಶಿಶುಗಳಲ್ಲಿ ಈ ಪದಾರ್ಥ ಕೊರತೆಯಾಗಿರುವುದನ್ನು ತೋರಿಸಿಕೊಟ್ಟರು.

ಕಾರಣ ತಿಳಿದೊಡನೆ ಚಿಕಿತ್ಸೆ ದೊರೆಯುವುದಿಲ್ಲ. 1963ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗುವೊಂದು ಐದೂವರೆ ವಾರ ಮುಂಚಿತವಾಗಿ ಹುಟ್ಟಿ ಇದೇ ರೋಗದಿಂದ 39 ಗಂಟೆಗಳಲ್ಲಿ ತೀರಿಕೊಂಡಿತು. ಆ ದೇಶದ ಅಧ್ಯಕ್ಷನಿಗೂ ಅಂದು ಒದಗಿಸಲಾಗದಿದ್ದ ಉಪಾಯ ಎಂಟು ವರ್ಷಗಳ ಅನಂತರ ಬಂದಿತು. 1971ರಲ್ಲಿ ಗ್ರೆಗರಿ ಮತ್ತು ಅವನ ಸಂಗಡಿಗರು, ಶಿಶು ಉಸಿರು ಬಿಡುವಾಗಲೂ ಶ್ವಾಸಮಾರ್ಗದಲ್ಲಿ ಸ್ವಲ್ಪ ಒತ್ತಡ ಸದಾ ಉಳಿಯುವಂತೆ ಮಾಡಿ ಮಕ್ಕಳನ್ನು ಉಳಿಸಿದರು. 1980ರಲ್ಲಿ ಜಪಾನಿನ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಸರ್ಫ್ಯಾಕ್ಟಂಟನ್ನೇ ಶಿಶುಗಳ ಶ್ವಾಸನಾಳಕ್ಕೆ ಸುರಿದು ಯಶಸ್ಸು ಕಂಡನು.

ಇನ್ನು ಕುದುರೆಗೆ ಬರೋಣ. ಇಂಗ್ಲೆಂಡಿನ ನ್ಯೂಮಾರ್ಕೆಟ್ ಪಂದ್ಯದ ಕುದುರೆಗಳ ಊರು. ಅಲ್ಲಿನ ಪಶುವೈದ್ಯ ರಾಸ್‌ಡೇಲ್ ನವಜಾತ ಮರಿಗಳನ್ನು ಹತ್ತಿರದಿಂದ ಅಭ್ಯಾಸಮಾಡಿದವನು. ಗುಳ್ಳೆಗಳನ್ನು ನೋಡಿದ ಅದೇ ಪ್ಯಾಟ್ಲನೊಡನೆ ಸೇರಿ, 1975ರಲ್ಲಿ, ಮರಿಯ ಶ್ವಾಸಕೋಶವೂ ಅದರ ಸರ್ಫ್ಯಾಕ್ಟಂಟೂ ಬೆಳೆಯುವ ಕ್ರಮವನ್ನು ಪ್ರಕಟಿಸಿದನು. ಕುದುರೆಯ ಗಬ್ಬದ ಅವಧಿ ಸುಮಾರು 340 ದಿನ. 320ಕ್ಕೆ ಮುಂಚೆ ಹುಟ್ಟಿದ್ದನ್ನು ಅಕಾಲದ ಮರಿಯೆಂದು ಕರೆಯುವುದು ವಾಡಿಕೆ. ಆದರೆ ಈ ದಿನಗಣನೆಯನ್ನು ಪೂರ್ತಿಯಾಗಿ ನಂಬುವಂತಿಲ್ಲ. ಮರಿಯ ದೇಹವನ್ನು ಹೊರಗಿನ ಬಾಳಿಗೆ ಅಣಿಗೊಳಿಸುವ ಕಾರ್ಟಿಸಾಲ್ ಎಂಬ ರಸ ಕುರಿಮರಿಯಲ್ಲಿ ಸಾಕಷ್ಟು ಮುಂಚಿನಿಂದಲೇ ಏರುತ್ತ ಬಂದರೆ, ಕುದುರೆಮರಿಯಲ್ಲಿ ಏರುವುದು ಹುಟ್ಟುವುದಕ್ಕೆ ಮುಂಚಿನ ಕೆಲವೇ ದಿನಗಳಲ್ಲಿ. ಕ್ಯಾಲೆಂಡರಿನಲ್ಲಿ ಅಷ್ಟೇನೂ ಬೇಗನೆ ಹುಟ್ಟದ ಮರಿಯೂ ಒಳಗೆ ಹಸಿಯಾಗಿರಬಹುದು.

ಮರಿಗೆ ಇನ್ನೊಂದು ತೊಡಕೂ ಉಂಟು. ಅದರ ಎದೆಗೂಡು ಮೆತ್ತಗೆ. ಇಕ್ಕಟ್ಟಾದ ದಾರಿಯಲ್ಲಿ ಹೊರಬರಲು ಇದು ಅನುಕೂಲವೇ ಸರಿ. ಆದರೆ ಬಿಗಿಯಾದ ಶ್ವಾಸಕೋಶವನ್ನು ಹಿಗ್ಗಿಸಲು ವಪೆಯು ಬಲವಾಗಿ ಕೆಳಕ್ಕೆ ಎಳೆದಾಗ, ಗಾಳಿ ಒಳಬರುವುದಕ್ಕೆ ಬದಲು ಪಕ್ಕೆಲುಬುಗಳೇ ಒಳಕ್ಕೆ ಕುಸಿಯುತ್ತವೆ. ತೆಳುವಾದ ಕಾಗದದ ಕೊಳವೆಯಿಂದ ಗಟ್ಟಿಯಾದ ಪಾನಕವನ್ನು ಹೀರಲು ಹೋದರೆ ಕೊಳವೆಯೇ ಚಪ್ಪಟೆಯಾಗುವಂತೆ ಇದು. ಪಕ್ಕೆ ಒಳಕ್ಕೂ ಹೊಟ್ಟೆ ಹೊರಕ್ಕೂ ಹೋಗುವ ಉಸಿರನ್ನು ಕಂಡ ಅನುಭವಿಗಳು ಬೇರೆ ಅಳತೆಗೆ ಕಾಯುವುದಿಲ್ಲ. ಎದೆಗೆ ಕಿವಿಗೊಟ್ಟು ಕೇಳುವುದರಿಂದ ಮಾತ್ರ ಮೋಸಹೋಗುವ ಸಂಭವ ಹೆಚ್ಚು. ಮರಿಯ ಶ್ವಾಸಕೋಶ ಬಹಳ ಕೆಟ್ಟಿದ್ದರೂ ಸದ್ದು ಸರಿಯಾಗಿಯೇ ಕೇಳಬಹುದು.

ಹಾಗಾದರೆ ನೆಚ್ಚತಕ್ಕದ್ದು ಯಾವುದನ್ನು? ಹಿಂಗಾಲಿನ ಹೊರಬದಿಯಲ್ಲಿ ಬೆರಳಿಗೆ ನಾಡಿ ಸಿಗುವ ಅಪಧಮನಿಯೊಂದುಂಟು. ಅದರಿಂದ ತೆಗೆದ ಒಂದೆರಡು ಮಿಲಿಲೀಟರ್ ರಕ್ತದಲ್ಲಿ ಆಮ್ಲಜನಕ ಮತ್ತು ಇಂಗಾಲದ ಡೈಆಕ್ಸೈಡುಗಳ ಆಂಶಿಕ ಒತ್ತಡವನ್ನು ಅಳೆಯುತ್ತಾರೆ. ಲೀಲಂಡ್ ಕ್ಲಾರ್ಕ್ 1950ರ ದಶಕದಲ್ಲಿ ರಚಿಸಿದ ವಿದ್ಯುದ್ವಾರ ಇದಕ್ಕೆ ಮೂಲ: ಆಮ್ಲಜನಕ ನುಸುಳಬಲ್ಲ ತೆಳುಪೊರೆಯ ಹಿಂದೆ ಪ್ಲಾಟಿನಮ್ ತಂತಿ, ನುಸುಳಿದ ಆಮ್ಲಜನಕಕ್ಕೆ ತಕ್ಕಷ್ಟು ವಿದ್ಯುತ್ಪ್ರವಾಹ. ಇಂಗಾಲದ ಡೈಆಕ್ಸೈಡಿನ ಒತ್ತಡ ಆರೋಗ್ಯವಂತ ಮರಿಯಲ್ಲಿ ಪಾದರಸದ 45 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದು 60, 70 ಎಂದು ಏರುತ್ತ ಹೋಯಿತೆಂದರೆ ಮರಿ ಹೊರಹಾಕಬೇಕಾದುದನ್ನು ಹೊರಹಾಕುತ್ತಿಲ್ಲವೆಂದು ಅರ್ಥ, ರಕ್ತ ಆಮ್ಲೀಯವಾಗತೊಡಗುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡಿನೋಡುವುದು ಒಳ್ಳೆಯದು. ಸಮುದ್ರಮಟ್ಟದಲ್ಲಿ ವಾಯುಭಾರ 760 ಮಿಲಿಮೀಟರ್. ಅದರಲ್ಲಿ ಶ್ವಾಸಮಾರ್ಗದ ನೀರಾವಿಗೆ 47 ಕಳೆದು, ಉಳಿದುದರಲ್ಲಿ ಶೇಕಡ 21 ಆಮ್ಲಜನಕವೆಂದರೆ ಸುಮಾರು 150. ಇದರಿಂದ ಇಂಗಾಲದ ಡೈಆಕ್ಸೈಡಿನ ಒತ್ತಡವನ್ನು 0.8ರಿಂದ ಭಾಗಿಸಿ ಕಳೆದರೆ ವಾಯುಕೋಶದ ಆಮ್ಲಜನಕ ಸಿಗುತ್ತದೆ. ಡೈಆಕ್ಸೈಡು 45 ಇದ್ದಾಗ ಅದು 94; 70ಕ್ಕೆ ಏರಿದಾಗ ಕೇವಲ 62. ಬೆಂಗಳೂರಿನಂತಹ ಎತ್ತರದ ಊರಿನಲ್ಲಿ ವಾಯುಭಾರವೇ 685ರ ಸುಮಾರಿನಲ್ಲಿರುವುದರಿಂದ, ಉಳಿದುದೆಲ್ಲ ಸಮನಾಗಿದ್ದರೂ ಆಮ್ಲಜನಕ ಹದಿನೈದು ಮಿಲಿಮೀಟರಿನಷ್ಟು ಕೆಳಗಿರುತ್ತದೆ. ನ್ಯೂಮಾರ್ಕೆಟಿನ ಕೋಷ್ಟಕವನ್ನು ಇಲ್ಲಿನ ಮರಿಗೆ ಹಾಗೆಯೇ ಹಚ್ಚಿ ಗಾಬರಿಗೊಳ್ಳಬಾರದು.

ಈಗ ಸಹಾಯದ ಮಾತು. ಎಲ್ಲಕ್ಕಿಂತ ಅಗ್ಗವಾದ ಸಹಾಯವೆಂದರೆ ಮರಿಯನ್ನು ಮಗ್ಗುಲಿನಿಂದ ಎಬ್ಬಿಸಿ, ಎದೆಯ ಮೇಲೆ ನೆಟ್ಟಗೆ ಕೂರಿಸಿ, ಎರಡು ಕಡೆಯೂ ದಿಂಬು ಕೊಡುವುದು. ಒಂದೇ ಮಗ್ಗುಲಿಗೆ ಮಲಗಿದ ಮರಿಯ ಕೆಳಗಿನ ಶ್ವಾಸಕೋಶ ಮೇಲಿನ ಭಾರಕ್ಕೆ ಕುಸಿದಿರುತ್ತದೆ. ರಕ್ತ ಮಾತ್ರ ಅಲ್ಲಿ ಹರಿಯುತ್ತಲೇ ಇರುತ್ತದೆ, ಗಾಳಿ ಸಿಗದೆ ಹಾಗೆಯೇ ಹಿಂದಿರುಗುತ್ತದೆ. ಕೂರಿಸಿದ ಮಾತ್ರಕ್ಕೇ ರಕ್ತದ ಆಮ್ಲಜನಕ ಹತ್ತು ಹದಿನೈದು ಮಿಲಿಮೀಟರಿನಷ್ಟು ಏರುವುದುಂಟು. ಯಂತ್ರಗಳ ಮಾತಿಗೆ ಮುಂಚೆ ಇದನ್ನು ಹೇಳಿದ್ದೇವೆ. ಅನೇಕ ಲಾಯಗಳಲ್ಲಿ ಕೈಗೆ ಸಿಗುವ ಸಹಾಯ ಇದೊಂದೇ.

ಹುಟ್ಟಿ ಉಸಿರೇ ಎಳೆಯದ ಮರಿಗೆ ಬಾಯಿಂದಲೂ ಗಾಳಿ ಕೊಡಬಹುದು, ಆದರೆ ಅದರ ಬಾಯಿಗಲ್ಲ, ಮೂಗಿಗೆ. ಕುದುರೆ ಮೂಗಿನಿಂದ ಮಾತ್ರವೇ ಉಸಿರಾಡುವ ಪ್ರಾಣಿ. ಒಂದು ಹೊಳ್ಳೆಯನ್ನು ಮುಚ್ಚಿ ಇನ್ನೊಂದರಲ್ಲಿ ಎದೆ ಏಳುವಷ್ಟು ಮಾತ್ರ ಊದಬೇಕು. ಗಾಳಿ ಹೊಟ್ಟೆಗೆ ಹೋಗದಂತೆ ಕತ್ತಿನ ಬಳಿ ಅನ್ನನಾಳವನ್ನು ಒತ್ತಿಹಿಡಿಯುವುದೂ ಉಂಟು.

ಮುಂದಿನದು ಆಮ್ಲಜನಕ. ಹೊಳ್ಳೆಯೊಳಗೆ ಕಣ್ಣಿನ ಮೂಲೆಯವರೆಗೆ ಮೆತ್ತನೆಯ ನಳಿಕೆಯನ್ನು ಇಳಿಸಿ, ನೀರಿನಲ್ಲಿ ಹಾಯಿಸಿ ತೇವಗೊಳಿಸಿದ ಆಮ್ಲಜನಕವನ್ನು ನಿಮಿಷಕ್ಕೆ 5ರಿಂದ 10 ಲೀಟರಿನಷ್ಟು ಹರಿಸುತ್ತಾರೆ. ಶುದ್ಧ ಆಮ್ಲಜನಕವನ್ನೇ ಕೊಟ್ಟರೂ ಮರಿಗೆ ದೊರೆಯುವುದು ಶುದ್ಧವಾದುದಲ್ಲ. ಅದು ನಿಮಿಷಕ್ಕೆ 30 ಲೀಟರ್ ಗಾಳಿ ಎಳೆಯುತ್ತಿದ್ದರೆ, 10 ನಳಿಕೆಯಿಂದ, 20 ಹೊರಗಿನಿಂದ; ಬೆರೆತಾಗ ಹೆಚ್ಚೆಂದರೆ ಶೇಕಡ 47. ಅದೂ ಉಸಿರು ಬಿಡುವಾಗ ಹರಿದುಹೋದುದನ್ನು ಲೆಕ್ಕಕ್ಕೆ ಹಿಡಿಯದೆ. ಇಷ್ಟಾದರೂ ಸಾಮಾನ್ಯವಾಗಿ ಮರಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿರುಗದೆಹೋದರೆ ಅದೂ ಒಂದು ಅಳತೆಯೇ. ತಾಯಿಯ ಹೊಟ್ಟೆಯಲ್ಲಿದ್ದಾಗ ರಕ್ತವು ಶ್ವಾಸಕೋಶವನ್ನು ಬಳಸಿಹೋಗಲು ಹೃದಯದಲ್ಲಿಯೂ ದೊಡ್ಡ ನಾಳಗಳ ನಡುವೆಯೂ ಅಡ್ಡದಾರಿಗಳಿರುತ್ತವೆ. ಅವು ಮುಚ್ಚದೆ ಉಳಿದಿದ್ದರೆ, ಎಷ್ಟು ಆಮ್ಲಜನಕ ಕೊಟ್ಟರೂ ಆ ದಾರಿಯಲ್ಲಿ ಹೋದ ರಕ್ತಕ್ಕೆ ಅದು ತಲಪುವುದಿಲ್ಲ.

ಇಲ್ಲಿ ಒಂದು ಅಪಾಯ ಹೊಂಚುಹಾಕಿರುತ್ತದೆ. ಜಪಾನಿನ ತಕುವೊ ಅವೊಯಾಗಿ 1974ರಲ್ಲಿ ಬೆಳಕಿಗೆ ತಂದ ನಾಡಿ ಆಕ್ಸಿಮೀಟರು ಇಂದು ಎಲ್ಲರಿಗೂ ಪರಿಚಿತ. ಕೆಂಪು ಮತ್ತು ಅವಕೆಂಪು ಬೆಳಕುಗಳು ಎಷ್ಟೆಷ್ಟು ಹೀರಲ್ಪಡುತ್ತವೆಂಬುದರಿಂದ, ಹೀಮೊಗ್ಲೋಬಿನ್ನಿನಲ್ಲಿ ಎಷ್ಟು ಪಾಲು ಆಮ್ಲಜನಕವನ್ನು ಹೊತ್ತಿದೆಯೆಂದು ಅದು ತಿಳಿಸುತ್ತದೆ. ಮರಿಯ ತುಟಿಗೋ ನಾಲಗೆಗೋ ಅದನ್ನು ಸಿಕ್ಕಿಸುತ್ತಾರೆ. ಅದು ಶೇಕಡ 95 ಎಂದು ತೋರಿಸುತ್ತಿದ್ದರೆ ನೋಡುವವನಿಗೆ ನೆಮ್ಮದಿ. ಆದರೆ ಆಮ್ಲಜನಕ ಪಡೆಯುತ್ತಿರುವ, ಬಳಲಿ ಉಸಿರು ಕಡಿಮೆಮಾಡಿರುವ ಮರಿಯಲ್ಲಿ ಆ ಅಂಕಿ ಚೆನ್ನಾಗಿಯೇ ನಿಂತಿರುವಾಗ ಇಂಗಾಲದ ಡೈಆಕ್ಸೈಡು ಸದ್ದಿಲ್ಲದೆ 80ಕ್ಕೆ ಏರಿರಬಹುದು. ಆಕ್ಸಿಮೀಟರು ಅದನ್ನು ನೋಡುವುದೇ ಇಲ್ಲ; ಅದು ಕೇಳುವ ಪ್ರಶ್ನೆಯೇ ಬೇರೆ. ಬಿಟ್ಟ ಉಸಿರಿನಲ್ಲಿರುವ ಡೈಆಕ್ಸೈಡನ್ನು ಅಳೆಯುವುದಕ್ಕೆ ಕ್ಯಾಪ್ನೋಗ್ರಾಫ್ ಬೇಕು. ಈ ಅನಿಲವು 4.3 ಮೈಕ್ರೋಮೀಟರ್ ಅಲೆಯುದ್ದದ ಅವಕೆಂಪು ಕಿರಣವನ್ನು ಬಲವಾಗಿ ಹೀರುತ್ತದೆಂಬುದೇ ಅದರ ತಳಹದಿ. ಮನುಷ್ಯನ ಉಸಿರಿನ ಡೈಆಕ್ಸೈಡನ್ನು ಹೀಗೆ ಉಷ್ಣಕಿರಣಗಳಿಂದ ಅಳೆಯುವ ಪ್ರಯೋಗವನ್ನು ಟಿಂಡಲ್ 1860ರ ದಶಕದಲ್ಲಿಯೇ ಮಾಡಿದ್ದನು. ಭೂಮಿಯ ವಾತಾವರಣ ಬಿಸಿಯಾಗುವ ಬಗೆಯನ್ನು ತಿಳಿಸಿದ ಗುಣವೇ ಮರಿಯ ಉಸಿರನ್ನೂ ಕಾಯುತ್ತಿದೆ.

ಡೈಆಕ್ಸೈಡು ಏರುತ್ತಲೇ ಹೋದರೆ ಆಮ್ಲಜನಕದಿಂದ ಪ್ರಯೋಜನವಿಲ್ಲ, ಒತ್ತಡ ಬೇಕು. ರಬ್ಬರು ಬಲೂನನ್ನು ಊದಿ ಬಲ್ಲವರಿಗೆ ಮೊದಲ ಊದೇ ಕಷ್ಟವೆಂದು ಗೊತ್ತು. ಒಮ್ಮೆ ಹಿಗ್ಗಿದ ಬಲೂನನ್ನು ಪೂರ್ತಿ ಕುಗ್ಗಲು ಬಿಡದಿದ್ದರೆ ಮುಂದಿನ ಊದು ಹಗುರ. ಗ್ರೆಗರಿಯ ಉಪಾಯದ ತಿರುಳು ಇದೇ. ಇದಕ್ಕೆ ದೊಡ್ಡ ಯಂತ್ರವೂ ಅಗತ್ಯವಲ್ಲ; ಉಸಿರು ಹೊರಬರುವ ನಳಿಕೆಯ ತುದಿಯನ್ನು ನೀರಿನಲ್ಲಿ 5 ಸೆಂಟಿಮೀಟರ್ ಮುಳುಗಿಸಿಟ್ಟರೆ ಒಳಗೆ ಅಷ್ಟೇ ಒತ್ತಡ ಉಳಿಯುತ್ತದೆ. ಶಿಶುಗಳ ಆಸ್ಪತ್ರೆಗಳಲ್ಲಿ ಈ ಸರಳ ಏರ್ಪಾಡು ಬಳಕೆಯಲ್ಲಿದೆ.

ಅದೂ ಸಾಲದಾದರೆ ಮೂಗಿನ ಮೂಲಕ ಶ್ವಾಸನಾಳಕ್ಕೆ ನಳಿಕೆಯಿಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸುತ್ತಾರೆ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ 1980ರ ದಶಕದಲ್ಲಿ ಆನ್ ಕೊಟರ್ಬಾ, ಕಾಶ್ ಎಂಬ ಪಶುತಜ್ಞರು, ಮನುಷ್ಯಶಿಶುಗಳ ವೈದ್ಯೆಯಾದ ವಿಲ್ಲಾ ಡ್ರಮಂಡರೊಡನೆ ಸೇರಿ ಈ ವಿದ್ಯೆಯನ್ನು ಮರಿಗಳಿಗೆ ಹೊಂದಿಸಿದರು. ಊದುವುದು ಸುಲಭ, ಎಷ್ಟು ಊದಬೇಕೆಂಬುದೇ ಕಷ್ಟ. ಮುದುಡಿದ ಕೋಶಗಳನ್ನು ತೆರೆಯುವ ಒತ್ತಡವೇ, ತೆರೆದಿರುವ ಕೋಶಗಳನ್ನು ಹರಿಯಲೂ ಬಲ್ಲುದು. 2000ದಲ್ಲಿ ಅಮೆರಿಕದಲ್ಲಿ ಶ್ವಾಸಕೋಶ ಕೆಟ್ಟ 861 ಮಂದಿ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ತೂಕದ ಕಿಲೋಗ್ರಾಮಿಗೆ 12 ಮಿಲಿಲೀಟರಿನ ಉಸಿರು ಪಡೆದವರಲ್ಲಿ ಶೇಕಡ 40ರಷ್ಟು ಮಂದಿ ಸತ್ತರೆ, 6 ಮಿಲಿಲೀಟರಿನ ಪುಟ್ಟ ಉಸಿರು ಪಡೆದವರಲ್ಲಿ ಶೇಕಡ 31. ಮರಿಗಳಿಗೂ ಈಗ ಚಿಕ್ಕ ಉಸಿರನ್ನೇ ಕೊಡುತ್ತಾರೆ.

ಯಂತ್ರಕ್ಕೆ ಜೋಡಿಸಿದ ಮೇಲೆ ರಕ್ತ ತೆಗೆಯದೆಯೇ ಒಂದು ಅಳತೆ ದೊರೆಯುತ್ತದೆ. 400 ಮಿಲಿಲೀಟರ್ ಗಾಳಿ ಹೋಗಲು ನಿನ್ನೆ, ಉಳಿಕೆಯ ಒತ್ತಡವನ್ನು ಕಳೆದು, 20 ಸೆಂಟಿಮೀಟರ್ ಬೇಕಾಗಿತ್ತು. ಇಂದು 14 ಸಾಕು ಎನ್ನೋಣ. ಸೆಂಟಿಮೀಟರಿಗೆ 20 ಮಿಲಿಲೀಟರ್ ಹಿಗ್ಗುತ್ತಿದ್ದ ಶ್ವಾಸಕೋಶ ಈಗ 28ಕ್ಕಿಂತ ಹೆಚ್ಚು ಹಿಗ್ಗುತ್ತಿದೆ. ಕೋಶಗಳು ತೆರೆದುಕೊಳ್ಳುತ್ತಿವೆ. ಅಂಕಿ ಹಿಂದಕ್ಕೆ ಹೋದರೆ ಎಲ್ಲೋ ಮುಚ್ಚುತ್ತಿವೆ, ಇಲ್ಲವೆ ಅತಿಯಾಗಿ ಬಿಗಿದುಕೊಂಡಿವೆ.

ಯಂತ್ರದಿಂದ ಯಾರಿಗೆ ಹೆಚ್ಚು ಪ್ರಯೋಜನವೆಂಬುದೂ ಇದರಿಂದಲೇ ತಿಳಿಯುತ್ತದೆ. ಬಾಟುಲಿಸಮ್ ಎಂಬ ವಿಷದಿಂದ ಸ್ನಾಯುಗಳು ಸತ್ತ್ವಗುಂದಿ ಉಸಿರಾಡಲಾರದ ಮರಿಯ ಶ್ವಾಸಕೋಶ ಚೆನ್ನಾಗಿಯೇ ಇರುತ್ತದೆ. ಅದಕ್ಕೆ ಬೇಕಾದುದು ಒಂದು ತಿದಿ, ಅಷ್ಟೆ. 2003ರಲ್ಲಿ ಪೆನ್ಸಿಲ್ವೇನಿಯಾದಿಂದ ಪ್ರಕಟವಾದ ವರದಿಯ 30 ಮರಿಗಳಲ್ಲಿ ಬಹುಪಾಲು ಬದುಕಿದುವು. ಉಸಿರು ಸಾಲದವಕ್ಕೆ ಯಂತ್ರವೂ ನೆರವಾಗಿತ್ತು. ಸರ್ಫ್ಯಾಕ್ಟಂಟ್ ಇಲ್ಲದ ಅಕಾಲದ ಮರಿಯ ಪಾಡು ಹಾಗಲ್ಲ. ಸರ್ಫ್ಯಾಕ್ಟಂಟನ್ನೇ ಸುರಿಯಬಾರದೇಕೆ ಎಂದು ಕೇಳಬಹುದು. ಕಿಲೋಗ್ರಾಮಿಗೆ 100 ಮಿಲಿಗ್ರಾಂ ಎಂದರೆ ಒಂದೂವರೆ ಕಿಲೋ ಶಿಶುವಿಗೆ 150 ಮಿಲಿಗ್ರಾಂ. 50 ಕಿಲೋ ಮರಿಗೆ 5 ಗ್ರಾಂ, ಮೂವತ್ತಮೂರು ಮಡಿ. ಶಿಶುವಿನ ಔಷಧಕ್ಕೇ ಬೆಲೆ ಹೆಚ್ಚು. ಒಡೆಯನ ಪ್ರೀತಿ ಎಷ್ಟಿದ್ದರೂ ಕೈ ಹಿಂದೆಗೆಯುತ್ತದೆ.

ಆದುದರಿಂದಲೇ ನಳಿಕೆಗೂ ದೊಡ್ಡ ಯಂತ್ರಕ್ಕೂ ನಡುವಣ ಹಾದಿಯನ್ನು ಹುಡುಕುವ ಪ್ರಯತ್ನ ನಡೆದಿದೆ. ಆಸ್ಟ್ರೇಲಿಯದ ಚಾರ್ಲ್ಸ್ ಸ್ಟರ್ಟ್ ವಿಶ್ವವಿದ್ಯಾನಿಲಯದವರು, ಮನುಷ್ಯರು ಮನೆಯಲ್ಲಿ ಬಳಸುವುದಕ್ಕೆಂದು ತಯಾರಾದ ಉಸಿರಾಟದ ಸಣ್ಣ ಯಂತ್ರವನ್ನು ಮರಿಗಳ ಮುಸುಡಿಗೆ ಮುಸುಕಿನ ಮೂಲಕ ಜೋಡಿಸಿ ನೋಡಿದರು. 2021ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ರಕ್ತದ ಆಮ್ಲಜನಕ ಚೆನ್ನಾಗಿ ಏರಿತು. ಜೊತೆಗೆ ಇಂಗಾಲದ ಡೈಆಕ್ಸೈಡೂ ಏರಿತು. ಇದು ವಿಚಿತ್ರವೆಂದು ತೋರಬಹುದಾದರೂ ಮುಸುಕಿನೊಳಗಿನ ಜಾಗವನ್ನು ನೆನೆದರೆ ಒಂದು ಕಾರಣ ಹೊಳೆಯುತ್ತದೆ. ಮುಸುಕಿಗೂ ಮುಸುಡಿಗೂ ನಡುವೆ 150 ಮಿಲಿಲೀಟರ್ ಎಡೆಯಿದೆಯೆಂದು ಊಹಿಸಿರಿ. ಬಿಟ್ಟ ಉಸಿರಿನ ಕೊನೆಯ ಪಾಲು ಅಲ್ಲಿಯೇ ನಿಲ್ಲುತ್ತದೆ. 500 ಮಿಲಿಲೀಟರಿನ ಮುಂದಿನ ಉಸಿರಿನಲ್ಲಿ ಮೊದಲು ಒಳಹೋಗುವುದು ಅದೇ. ಮರಿಯ ಮುಸುಡಿಗೆ ಬಿಗಿಯಾಗಿ ಹೊಂದುವ, ಒಳಗೆ ಎಡೆಯೇ ಉಳಿಸದ, ಅದು ತಲೆ ಕೊಡವಿದರೂ ಜಾರದ ಮುಸುಕನ್ನು ಮಾಡುವುದು ಹೇಗೆಂಬುದು ಈಗ ಕೆಲಸಗಾರರ ಮುಂದಿರುವ ಪ್ರಶ್ನೆ. ಕೊಡವುವ ಶಕ್ತಿಯೇ ಇಲ್ಲದ ಮರಿಯಲ್ಲಿ ಮುಸುಕು ಚೆನ್ನಾಗಿ ನಿಲ್ಲುತ್ತದೆ. ಅದು ಚೇತರಿಸಿಕೊಂಡಂತೆಲ್ಲ ಮುಸುಕನ್ನು ಕಿತ್ತೊಗೆಯಲು ಹೆಣಗುತ್ತದೆ. ಕಾಲೂರಿ ಎದ್ದು ತಾಯಿಯ ಕಡೆಗೆ ತಿರುಗಿದ ಮರಿಗೆ ಅದನ್ನು ಮತ್ತೆ ಹಾಕುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ.